ಹಿಂದೆ ನಿಂತು ಕಾಯುವವನು

ಕನ್ನಡ ಪಂಡಿತನೊಬ್ಬನು ಕಾಲ್ಚೆಂಡಾಟದ ವಿಷಯವಾಗಿ ಮಾತನಾಡಲು ಹೊರಟರೆ ನೀವು ನಕ್ಕೀರಿ. ನಗುವುದು ನ್ಯಾಯವೇ. ಹಳಗನ್ನಡ ಪದ್ಯಕ್ಕೆ ಅನ್ವಯ ಹೇಳುವುದು, ಸಂಧಿ ಸಮಾಸಗಳನ್ನು ಬಿಡಿಸಿ ತೋರುವುದು, ಹುಡುಗರ ಕಾಗುಣಿತವನ್ನು ತಿದ್ದುವುದು, ಇವು ನನ್ನ ವೃತ್ತಿ. ಚೆಂಡನ್ನು ನಾನು ಕಾಲಿನಿಂದ ಒದ್ದವನಲ್ಲ. ಆದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡಿನ ಮಗ್ಗುಲಲ್ಲಿರುವ ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡದ ಮೇಷ್ಟರು ಕನ್ನಡಕ್ಕೆ ಮಾತ್ರ ಮೇಷ್ಟರಾಗಿ ಉಳಿಯುವಂತಿಲ್ಲ. ಜನಗಣತಿಗೆ ಹೋಗಬೇಕು, ಬಿಸಿಯೂಟದ ಅಕ್ಕಿಯ ಲೆಕ್ಕ ಬರೆಯಬೇಕು, ಹುಡುಗರ ತಂಡ ಆಟಕ್ಕೆ ಹೊರಟಾಗ ಬುತ್ತಿಗಂಟಿನೊಡನೆ ಬಸ್ಸು ಹತ್ತಬೇಕು. ಹಾಗೆ ಹತ್ತಿ ಇಳಿದು ನಾನು ಕಲಿತ ಒಂದು ಪಾಠವನ್ನು ಈ ಹೊತ್ತು ನಿಮಗೆ ಒಪ್ಪಿಸಬೇಕೆಂದಿದ್ದೇನೆ. ಆ ಪಾಠವನ್ನು ನನಗೆ ಕಲಿಸಿದವರು ಇಬ್ಬರು. ಒಬ್ಬನು ನನ್ನ ಶಿಷ್ಯ. ಅವನ ಹೆಸರು ಇಲ್ಲಿ ಬೇಡ. ಇನ್ನೊಬ್ಬನು ಸ್ಪೇನ್ ದೇಶದ ಪ್ರಖ್ಯಾತ ಕಾಲ್ಚೆಂಡಾಟಗಾರ ಕಾರ್ಲೆಸ್ ಪುಯೋಲ್.

ಆಟವನ್ನು ಅರಿಯದವರಿಗಾಗಿ ಒಂದು ಮಾತು. ಕಾಲ್ಚೆಂಡಾಟದಲ್ಲಿ ಒಂದು ಪಕ್ಷಕ್ಕೆ ಹನ್ನೊಂದು ಮಂದಿ. ಮುಂದೆ ನುಗ್ಗಿ ಗೋಲು ಹೊಡೆಯುವವರು ಕೆಲವರು, ನಡುವೆ ನಿಂತು ಚೆಂಡನ್ನು ಒದಗಿಸುವವರು ಕೆಲವರು, ಗೋಲುಕಂಬಗಳ ನಡುವೆ ನಿಲ್ಲುವ ಗೋಲಿ ಒಬ್ಬ. ಆ ಗೋಲಿಯ ಮುಂದೆ ನಿಂತು ಎದುರಾಳಿಯನ್ನು ತಡೆಯುವವರನ್ನು ನಮ್ಮ ಶಾಲೆಗಳಲ್ಲಿ ‘ಬ್ಯಾಕು’ ಎಂದು ಕರೆಯುವುದು ರೂಢಿ. ಮುಂದೆ ಆಡಲು ಬಾರದವನನ್ನು ಹಿಂದಕ್ಕೆ ನಿಲ್ಲಿಸುವುದೂ ನಮ್ಮಲ್ಲಿ ರೂಢಿಯೇ. ಪುಯೋಲ್ ಆಡಿದ್ದು ಆ ಹಿಂದಿನ ಜಾಗದಲ್ಲಿ. ಬಾರ್ಸಿಲೋನಾ ತಂಡಕ್ಕೆ ಹದಿನೈದು ಋತುಗಳಲ್ಲಿ 593 ಪಂದ್ಯಗಳನ್ನೂ, ಸ್ಪೇನ್ ದೇಶಕ್ಕೆ 100 ಪಂದ್ಯಗಳನ್ನೂ ಆಡಿದ ಈತ ದೇಶಕ್ಕಾಗಿ ಹೊಡೆದ ಗೋಲುಗಳು ಮೂರೇ ಮೂರು. ಹೊಡೆದ ಗೋಲುಗಳನ್ನಷ್ಟೇ ಎಣಿಸುವ ಲೆಕ್ಕದಲ್ಲಿ ಈತನದು ಬಡ ಬದುಕು. ಹಾಗಿದ್ದೂ ಈತನನ್ನು ಜಗತ್ತು ಏಕೆ ಕೊಂಡಾಡಿತು?

ಇದಕ್ಕೆ ಉತ್ತರ ಹುಡುಕಲು ನಾನು ನನ್ನ ಕಸುಬಿನ ದಾರಿಯನ್ನೇ ಹಿಡಿಯುತ್ತೇನೆ. ಕನ್ನಡದಲ್ಲಿ ‘ಕಾಯ್’ ಎಂಬ ಧಾತುವೊಂದಿದೆ. ಕಾಪು, ಕಾವಲು, ಕಾಪಾಡು ಎಂಬ ಮಾತುಗಳೆಲ್ಲ ಈ ಬಳಗದವು. ದನ ಕಾಯುತ್ತೇವೆ, ಹೊಲ ಕಾಯುತ್ತೇವೆ, ಮನೆ ಕಾಯುತ್ತೇವೆ. ಅದೇ ಮಾತನ್ನು ನಾವು ಇನ್ನೊಂದು ಅರ್ಥದಲ್ಲಿಯೂ ಬಳಸುವುದುಂಟು. ಬಸ್ಸಿಗೆ ಕಾಯುತ್ತೇವೆ, ಮಳೆಗೆ ಕಾಯುತ್ತೇವೆ. ರಕ್ಷಿಸುವುದಕ್ಕೂ ತಾಳ್ಮೆಯಿಂದ ಎದುರುನೋಡುವುದಕ್ಕೂ ನಮ್ಮ ಹಿರಿಯರು ಒಂದೇ ಮಾತನ್ನು ಬಳಸಿದರು. ರಕ್ಷಿಸುವವನ ಕೆಲಸದಲ್ಲಿ ಮುಕ್ಕಾಲು ಪಾಲು ಎಚ್ಚರವಾಗಿ ಎದುರುನೋಡುವುದೇ ಎಂಬುದು ಅವರಿಗೆ ಗೊತ್ತಿತ್ತು. ಊರೂರಿನ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ಎಷ್ಟೋ ಕಲ್ಲುಗಳು ದಂಡೆತ್ತಿ ಹೋಗಿ ಗೆದ್ದವರವಲ್ಲ; ಊರ ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವರವು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ತಡೆದು ನಿಂತವನಿಗೆ ನಮ್ಮವರು ಕಲ್ಲು ನಿಲ್ಲಿಸಿದರು.

ಕಾಕನಕೋಟೆಯ ಹೆಸರೆತ್ತಿದೊಡನೆ ನಿಮಗೆ ಆನೆಗಳನ್ನು ಹಿಡಿಯುತ್ತಿದ್ದ ಖೆಡ್ಡಾ ನೆನಪಾಗುವುದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಬಳಿಕ ಕಬಿನಿಗೆ ಕಟ್ಟೆ ಬಿತ್ತು. 1974ರ ಹೊತ್ತಿಗೆ ಹಿನ್ನೀರು ನಿಂತು ಖೆಡ್ಡಾದ ಬಯಲು ಬಹುಪಾಲು ನೀರಿನೊಳಗೆ ಸೇರಿತು. ಆನೆಗಳು ಮಾತ್ರ ಇವೆ. ಕಾಡಂಚಿನ ಹಳ್ಳಿಗಳಲ್ಲಿ ರಾಗಿ, ಜೋಳ ತೆನೆಯೊಡೆಯುವ ಕಾಲಕ್ಕೆ ಗಂಡಸರು ಹೊಲದ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕೂತು ಬೆಂಕಿ ಹಾಕಿ, ತಗಡು ಬಡಿದು, ಕೂಗು ಹಾಕಿ ಪೈರನ್ನು ಕಾಯುತ್ತಾರೆ. ನಾನು ಹೇಳಿದ ಆ ಶಿಷ್ಯನ ತಂದೆಯದೂ ಅದೇ ಕೆಲಸ. ಹಾಡಿಯ ಆತನು ತನ್ನದಲ್ಲದ ಹೊಲಕ್ಕೆ ಕೂಲಿಯ ಕಾವಲುಗಾರ. ಇಪ್ಪತ್ತೊಂಬತ್ತು ರಾತ್ರಿ ಆನೆ ಬಾರದಂತೆ ನೋಡಿಕೊಂಡರೆ ಅವನನ್ನು ಯಾರೂ ಮಾತನಾಡಿಸರು. ಮೂವತ್ತನೆಯ ರಾತ್ರಿ ಕಣ್ಣು ಹತ್ತಿ ಆನೆ ನುಗ್ಗಿತೋ, ಬೆಳಗ್ಗೆ ಊರಿಗೆ ಊರೇ ಬಂದು ‘ಎಲ್ಲಿ ಸತ್ತಿದ್ದೆ?’ ಎಂದು ಕೇಳುತ್ತದೆ.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ. 2009ರಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಹುಡುಗರು ಸೇರಿದ್ದ ಒಂದು ಪಂದ್ಯಾವಳಿಗೆ ನಮ್ಮ ತಂಡವನ್ನು ಕರೆದುಕೊಂಡು ಹೋಗಿದ್ದೆ. ಒಂಬತ್ತನೆಯ ತರಗತಿಯ ಆ ಹುಡುಗ ಬ್ಯಾಕು. ಬರಿಗಾಲು, ಸಣಕಲು ಮೈ, ಮಾತು ಕಡಿಮೆ. ಹಿಂದಿನ ರಾತ್ರಿ ಮಳೆ ಹೊಯ್ದು ಮೈದಾನ ಕೆಸರಾಗಿತ್ತು. ಎರಡು ಪಕ್ಷಕ್ಕೂ ಗೋಲಿಲ್ಲದೆ ಆಟ ಮುಗಿಯುತ್ತಾ ಬಂದಿತ್ತು. ಕೊನೆಯ ಗಳಿಗೆಯಲ್ಲಿ ಅವನ ಕಾಲು ಜಾರಿತು, ಚೆಂಡು ಅವನನ್ನು ದಾಟಿ ಹೋಯಿತು, ನಾವು ಸೋತೆವು. ಎಲ್ಲರೂ ಕೇಳುವಂತೆ ನಾನು ಅಂದೆ: “ಒಂದು ಚೆಂಡು ತಡೆಯೋಕೆ ಆಗಲಿಲ್ಲವಲ್ಲೋ ನಿನ್ನ ಕೈಲಿ. ಇಷ್ಟು ಜನರ ಶ್ರಮವನ್ನೂ ಹೊಳೆಗೆ ಹಾಕಿದೆ.” ಅವನು ತಲೆಯೆತ್ತಲಿಲ್ಲ. ಬಸ್ಸಿನಲ್ಲಿ ಕೊಟ್ಟ ಚಿತ್ರಾನ್ನದ ಪೊಟ್ಟಣವನ್ನು ಬಿಚ್ಚಲೂ ಇಲ್ಲ. ಮಾರನೆಯ ದಿನದಿಂದ ಆಟದ ಬಯಲಿಗೆ ಬರುವುದನ್ನೇ ಬಿಟ್ಟ. ಕೆಲವು ದಿನ ಕಳೆದು ನಮ್ಮ ಪಿ.ಟಿ. ಮೇಷ್ಟರು ನನ್ನೊಡನೆ ಮೆಲ್ಲಗೆ ಹೇಳಿದರು: “ಪಂಡಿತರೇ, ಆ ಹುಡುಗ ಅದಕ್ಕೆ ಮುಂಚೆ ಎಷ್ಟು ಚೆಂಡು ತಡೆದ ಅಂತ ನೀವು ಲೆಕ್ಕ ಇಟ್ಟಿರಾ?” ನಾನು ಇಟ್ಟಿರಲಿಲ್ಲ. ಕಾವಲುಗಾರನ ಮಗನಿಗೆ ನಾನೂ ಊರಿನವರ ಪ್ರಶ್ನೆಯನ್ನೇ ಕೇಳಿದ್ದೆ.

ಪುಯೋಲನ ವೃತ್ತಾಂತವನ್ನು ನಾನು ಕುತೂಹಲದಿಂದ ತಿಳಿದುಕೊಂಡದ್ದು ಇದಾದ ಮೇಲೆ. ಏಕೆಂಬುದು ಮುಂದೆ ತಿಳಿಯುವುದು. ಆತ ಹುಟ್ಟಿದ್ದು 1978ರ ಏಪ್ರಿಲ್ 13ರಂದು, ಸ್ಪೇನಿನ ಈಶಾನ್ಯ ಭಾಗವಾದ ಕ್ಯಾಟಲೋನಿಯದಲ್ಲಿ, ಪಿರೆನೀಸ್ ಪರ್ವತದ ತಪ್ಪಲಿನ ಲಾ ಪೋಬ್ಲಾ ದೆ ಸೆಗೂರ್ ಎಂಬ ಸಣ್ಣ ಊರಿನಲ್ಲಿ. ಆ ಊರು ನಮ್ಮ ಸೀಮೆಯವರಿಗೆ ಅಪರಿಚಿತವೆನಿಸದು. ಅಲ್ಲಿಯೂ ಕಾಡು, ಬೆಟ್ಟ, ಒಂದು ಹೊಳೆ. ಹೊಳೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು. ಊರ ಕೆಳಗೆ ಹಿನ್ನೀರು. ಹಿಂದೆ ಅಲ್ಲಿಯ ಜನ ಬೆಟ್ಟದ ಮರದ ದಿಮ್ಮಿಗಳನ್ನು ತೆಪ್ಪವಾಗಿ ಬಿಗಿದು, ಅದರ ಮೇಲೆ ನಿಂತು ಹೊಳೆಯ ಸೆಳವಿನಲ್ಲಿ ಕೆಳನಾಡಿಗೆ ಸಾಗಿಸುತ್ತಿದ್ದರು. ತೆಪ್ಪದವರ ನೆನಪಿಗೆ ಇಂದಿಗೂ ಬೇಸಿಗೆಯಲ್ಲಿ ಅಲ್ಲಿ ಹಬ್ಬ ನಡೆಯುತ್ತದೆ. ಅಂಥ ಊರಿನ ಶಾಲೆಯಲ್ಲಿ ಈ ಹುಡುಗ ಮೊದಲು ಗೋಲಿಯಾಗಿ ನಿಂತ. ಬಿದ್ದು ಬಿದ್ದು ಭುಜ ನೋವಾದ್ದರಿಂದ ಗೋಲು ಬಿಟ್ಟು ಮುಂದಾಳಾದ. 1995ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಬಾರ್ಸಿಲೋನಾ ಸಂಘದ ‘ಲಾ ಮಾಸಿಯಾ’ ಎಂಬ ತರಬೇತಿ ಶಾಲೆಗೆ ಸೇರಿದ. ಆ ಹೆಸರಿಗೆ ಅವರ ಭಾಷೆಯಲ್ಲಿ ‘ತೋಟದ ಮನೆ’ ಎಂದರ್ಥ. ಅಲ್ಲಿ ಅವನನ್ನು ನಡುವಿನ ಜಾಗದಲ್ಲಿ ಆಡಿಸಿದರು, ಆಮೇಲೆ ಬಲಗಡೆಯ ಬ್ಯಾಕು ಮಾಡಿದರು, ಕೊನೆಗೆ ನಡುಬ್ಯಾಕು. ಹೀಗೆ ಅವನು ಮೈದಾನದಲ್ಲಿ ಹಿಂದಕ್ಕೆ ಹಿಂದಕ್ಕೆ ಬಂದವನು. ಹಾಗೆ ಬರುತ್ತಲೇ ತನ್ನ ಜಾಗವನ್ನು ಕಂಡುಕೊಂಡವನು.

ಆಟದ ಸೊಬಗಿನಲ್ಲಿ ಅವನ ಜೊತೆಯ ಹುಡುಗರು ಅವನಿಗಿಂತ ಮೇಲು. 1998ರಲ್ಲಿ ಸಂಘದವರು ಅವನನ್ನು ಮಾಲಗಾ ತಂಡಕ್ಕೆ ಬಿಟ್ಟುಕೊಡಲು ಒಪ್ಪಿದ್ದರಂತೆ. ತನ್ನ ಗೆಳೆಯ ಷಾವಿ ಮೊದಲ ತಂಡಕ್ಕೆ ಏರಿದ್ದನ್ನು ಕಂಡು, ತಾನೂ ಏರಬಲ್ಲೆನೆಂದು ಪುಯೋಲ್ ಹೋಗಲು ಒಪ್ಪಲಿಲ್ಲ. ಕಾದ. 1999ರ ಅಕ್ಟೋಬರ್ 2ರಂದು ವಾಯದೊಲಿದ್ ತಂಡದ ಎದುರು ಅವನಿಗೆ ಮೊದಲ ತಂಡದಲ್ಲಿ ಆಡುವ ಅವಕಾಶ ಸಿಕ್ಕಿತು. ಮರುವರ್ಷ ಸಿಡ್ನಿ ಒಲಿಂಪಿಕ್ಸಿನಲ್ಲಿ ಬೆಳ್ಳಿ ಪದಕ ಪಡೆದ ಸ್ಪೇನ್ ತಂಡದಲ್ಲಿ ಅವನಿದ್ದ. ಅದೇ 2000ದ ಅಕ್ಟೋಬರಿನಲ್ಲಿ ನಡೆದ ಪಂದ್ಯವೊಂದು ಅವನ ಹೆಸರನ್ನು ಮನೆಮಾತು ಮಾಡಿತು. ಬಾರ್ಸಿಲೋನಾದ ಕಣ್ಮಣಿಯಾಗಿದ್ದ ಪೋರ್ಚುಗಲ್ಲಿನ ಲೂಯಿಸ್ ಫಿಗೊ ಆ ವರ್ಷ ಬದ್ಧ ಎದುರಾಳಿಯಾದ ರಿಯಲ್ ಮ್ಯಾಡ್ರಿಡ್ ತಂಡಕ್ಕೆ ಹೊರಟುಹೋಗಿದ್ದ. ಎದುರಾಳಿಯ ಅಂಗಿ ತೊಟ್ಟು ಹಳೆಯ ಮೈದಾನಕ್ಕೆ ಮರಳಿ ಬಂದಿದ್ದ. ಪ್ರೇಕ್ಷಕರೆಲ್ಲ ರೊಚ್ಚಿಗೆದ್ದಿದ್ದರು. ಇಪ್ಪತ್ತೆರಡು ವರ್ಷದ ಪುಯೋಲನಿಗೆ ವಹಿಸಿದ್ದು ಒಂದೇ ಕೆಲಸ: ಫಿಗೊವಿನ ನೆರಳಾಗಿರುವುದು. ಜನ ಬೈಗುಳ ಎಸೆಯುತ್ತಿರಲು ಇವನು ಬೈಯದೆ, ಬಿಡದೆ ಹಿಂದೆ ಹಿಂದೆಯೇ ನಡೆದ. ಫಿಗೊವಿನ ಆಟ ನಡೆಯಲಿಲ್ಲ. ಬಾರ್ಸಿಲೋನಾ ಎರಡು ಗೋಲುಗಳಿಂದ ಗೆದ್ದಿತು.

ಇನ್ನೊಂದು ಚಿತ್ರ 2002ನೆಯ ಇಸವಿಯದು. ಯುರೋಪಿನ ಚಾಂಪಿಯನ್ಸ್ ಲೀಗಿನಲ್ಲಿ ಮಾಸ್ಕೋವಿನ ಲೋಕೊಮೋಟಿವ್ ತಂಡದ ಎದುರು ಆಟ. ಬಾರ್ಸಿಲೋನಾದ ಗೋಲಿ ಮುಂದೆ ಬಂದು ದಾಟಿಹೋಗಿದ್ದ. ಕಂಬಗಳ ನಡುವೆ ಬಯಲು. ಎದುರಾಳಿ ಹತ್ತಿರದಿಂದ ಒದ್ದ. ಪುಯೋಲ್ ಗೋಲಿನ ಮುಂದೆ ಕೈಗಳನ್ನು ಹಿಂದಕ್ಕೆ ಹಿಡಿದು ಎದೆಯೊಡ್ಡಿದ. ಚೆಂಡು ಎದೆಗೆ ಬಡಿದು ಹಿಂದಿರುಗಿತು. ಕೈ ತಾಗಿದರೆ ತಪ್ಪಾಗುವುದೆಂಬ ವಿವೇಕ ಆ ಗಳಿಗೆಯಲ್ಲಿಯೂ ಅವನಿಗಿತ್ತು ಎಂಬುದನ್ನು ಗಮನಿಸಿ. ಧೈರ್ಯದೊಡನೆ ವಿವೇಕವೂ ಕೂಡಿದರೆ ಮಾತ್ರ ಅದು ಕಾವಲು.

ಇಷ್ಟೆಲ್ಲ ಇದ್ದರೂ ಅವನು ಮೊದಲ ತಂಡಕ್ಕೆ ಬಂದ ಮೇಲಿನ ಐದು ಋತುಗಳು ಬಾರ್ಸಿಲೋನಾಕ್ಕೆ ಬರಗಾಲ. ಒಂದು ಪ್ರಶಸ್ತಿಯೂ ಬರಲಿಲ್ಲ. ತರಬೇತುದಾರರು ಬಂದರು, ಹೋದರು. ‘ಕಾಯ್’ ಧಾತುವಿನ ಎರಡನೆಯ ಅರ್ಥವನ್ನು ಅವನು ಆ ವರ್ಷಗಳಲ್ಲಿ ಕಲಿತನೆಂದು ಕಾಣುತ್ತದೆ. 2004ರಲ್ಲಿ ಅವನನ್ನು ನಾಯಕನನ್ನಾಗಿ ಮಾಡಿದರು. 2005ರಲ್ಲಿ ಸ್ಪೇನಿನ ಲೀಗು ಕೈಗೆ ಬಂತು; 2006ರ ಮೇ 17ರಂದು ಪ್ಯಾರಿಸ್ಸಿನಲ್ಲಿ ಆರ್ಸೆನಲ್ ತಂಡವನ್ನು 2–1ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ಸ್ ಕಪ್ಪನ್ನು ಎತ್ತಿದ. ಅದೇ ವರ್ಷದ ನವೆಂಬರಿನಲ್ಲಿ ಅವನ ತಂದೆ ಕೆಲಸದಲ್ಲಿದ್ದಾಗಲೇ ಅಪಘಾತದಲ್ಲಿ ತೀರಿಕೊಂಡರು. ಮಗ ಮತ್ತೆ ಮೈದಾನಕ್ಕೆ ಬಂದ. ಹಿಂದಿನ ಅದೇ ಜಾಗದಲ್ಲಿ ನಿಂತ. ಆರು ಲೀಗು ಪ್ರಶಸ್ತಿ, ಮೂರು ಚಾಂಪಿಯನ್ಸ್ ಕಪ್ಪು, ದೇಶಕ್ಕಾಗಿ 2008ರ ಯುರೋಪ್ ಕಪ್ಪು, ಇವೆಲ್ಲ ಅವನ ಪಾಲಿಗೆ ಬಂದವು. 2009ರ ಮೇ 2ರಂದು ರಿಯಲ್ ಮ್ಯಾಡ್ರಿಡ್ಡನ್ನು ಅವರ ಮೈದಾನದಲ್ಲೇ 6–2ರಿಂದ ಮಣಿಸಿದಾಗ ಒಂದು ಗೋಲು ಪುಯೋಲನ ತಲೆಯಿಂದ ಬಂದದ್ದು. ಆಗ ಅವನು ತೋಳಿನ ನಾಯಕಪಟ್ಟಿಯನ್ನು ಕಳಚಿ ಮುತ್ತಿಟ್ಟ. ಅದರ ಮೇಲಿದ್ದದ್ದು ಅವನ ನಾಡಿನ ಬಣ್ಣ.

ಈಗ 2010ರ ವಿಶ್ವಕಪ್ಪಿನ ಮಾತು. ಅದರೊಡನೆ ನನ್ನ ಶಿಷ್ಯನ ಮಾತು. ದಕ್ಷಿಣ ಆಫ್ರಿಕದಲ್ಲಿ ನಡೆದ ಆ ಪಂದ್ಯಾವಳಿಯಲ್ಲಿ ಸ್ಪೇನ್ ಮೊದಲ ಪಂದ್ಯವನ್ನೇ ಸ್ವಿಟ್ಜರ್ಲೆಂಡಿಗೆ ಸೋತಿತು. ಆ ಬಳಿಕ ಸಾವರಿಸಿಕೊಂಡು ಸೆಮಿಫೈನಲ್ಲಿಗೆ ಬಂದು ಜರ್ಮನಿಯನ್ನು ಎದುರಿಸಿತು. ನಮ್ಮ ಗಡಿಯಾರದಲ್ಲಿ ಅದು ನಡುರಾತ್ರಿ ಹನ್ನೆರಡು. ವಿದ್ಯಾರ್ಥಿನಿಲಯದ ನಾಲ್ಕೈದು ಹುಡುಗರು ವಾರ್ಡನ್ನರ ಅಪ್ಪಣೆ ಪಡೆದು ನನ್ನ ಬಾಡಿಗೆ ಮನೆಯ ಟೆಲಿವಿಷನ್ನಿನ ಮುಂದೆ ಚಾಪೆ ಹಾಸಿ ಕೂತಿದ್ದರು. ಆ ಹುಡುಗನನ್ನೂ ಎಳೆದು ತಂದಿದ್ದರು. ಅವನು ಬಾಗಿಲ ಬಳಿ ಕೂತಿದ್ದ. ಎರಡು ಪಕ್ಷಕ್ಕೂ ಗೋಲಿಲ್ಲ. 73ನೆಯ ನಿಮಿಷದಲ್ಲಿ ಎಡ ಮೂಲೆಯಿಂದ ಷಾವಿ ಕಾರ್ನರ್ ಕಿಕ್ ಹೊಡೆದ. ಉದ್ದ ಗುಂಗುರು ಕೂದಲಿನವನೊಬ್ಬ ದೂರದಿಂದ ಓಡಿ ಬಂದು, ತನಗಿಂತ ಎತ್ತರದವರ ನಡುವೆ ಎಗರಿ, ಹಣೆಯಿಂದ ಚೆಂಡನ್ನು ಬಲೆಗೆ ಬಡಿದ. ಅವನ ಎತ್ತರ 178 ಸೆಂಟಿಮೀಟರ್. ಆ ಜಾಗದವರಲ್ಲಿ ಅದು ಕುಳ್ಳೇ. ಹುಡುಗರು ಕೂಗಿ ಓಣಿಯನ್ನೆಲ್ಲ ಎಬ್ಬಿಸಿದರು. ಬಾಗಿಲ ಬಳಿಯಿಂದ ಒಂದು ದನಿ: “ಸಾ, ಅವ್ನು ಹಿಂದ್ಗಡೆ ನಿಲ್ಲೋನು ಅಲ್ವಾ ಸಾ?” ಹತ್ತು ತಿಂಗಳಲ್ಲಿ ಅವನು ಆಟದ ವಿಷಯವಾಗಿ ನನ್ನೊಡನೆ ಆಡಿದ ಮೊದಲ ಮಾತು ಅದು. “ಹೌದು ಕಣಪ್ಪ” ಎಂದೆ. ಬೇರೆ ಮಾತು ಹೊರಡಲಿಲ್ಲ.

ಫೈನಲ್ಲು ಜುಲೈ 11ರ ಭಾನುವಾರ, ನಮಗೆ ನಡುರಾತ್ರಿ. ಎದುರಾಳಿ ಹಾಲೆಂಡ್. ಹುಡುಗ ಈ ಸಲ ತಾನಾಗಿ ಬಂದ, ಚಾಪೆಯ ಮೇಲೆ ಕೂತ. 83ನೆಯ ನಿಮಿಷದಲ್ಲಿ ಹಾಲೆಂಡಿನ ಆರ್ಯೆನ್ ರಾಬೆನ್ ಚೆಂಡನ್ನು ಹಿಡಿದು ಓಡಿದ. ಪುಯೋಲ್ ಅವನನ್ನು ತಬ್ಬಿ ಹಿಡಿಯಲು ನೋಡಿದ; ಆಗಲಿಲ್ಲ; ರಾಬೆನ್ ಬಿಡಿಸಿಕೊಂಡು ಹೋದ. ನೂರಾರು ಪಂದ್ಯಗಳಲ್ಲಿ ತಡೆದವನು ವಿಶ್ವಕಪ್ಪಿನ ಫೈನಲ್ಲಿನಲ್ಲಿ ತಡೆಯಲಾರದೆ ಹೋದ. ಆ ಚೆಂಡು ಗೋಲಾಗಿದ್ದರೆ ಸೆಮಿಫೈನಲ್ಲಿನ ಗೋಲನ್ನು ಯಾರು ನೆನೆಯುತ್ತಿದ್ದರು? ಆದರೆ ಗೋಲಿ ಇಕರ್ ಕಸಿಯಾಸ್ ಮುಂದೆ ಧಾವಿಸಿ ಬಂದು ರಾಬೆನ್ನನ ಕಾಲ ಬಳಿ ಬಿದ್ದು ಚೆಂಡನ್ನು ಹಿಡಿದುಬಿಟ್ಟ. ನಮ್ಮ ಹುಡುಗ ಮುಖಕ್ಕೆ ಕೈ ಅಡ್ಡ ಹಿಡಿದಿದ್ದ. ಬೆರಳು ಸಡಿಲಿಸಿ ನೋಡಿ ತನಗೆ ತಾನೇ ಅಂದುಕೊಂಡ: “ತಪ್ಪಿಸ್ಕೊಂಡ್ ಹೋಗಿದ್ದ... ಹಿಂದೆ ಇನ್ನೊಬ್ಬ ಇದ್ದ.”

ಆ ಮಾತು ನನ್ನನ್ನು ಚುಚ್ಚಿತು. ಆ ದಿನ ಕೆಸರಿನಲ್ಲಿ ಇವನು ಜಾರಿದಾಗ ಇವನ ಹಿಂದೆ ನಿಲ್ಲಬೇಕಾಗಿದ್ದವನು ನಾನು. ನಾನು ಮುಂದೆ ಬಂದು ಒದ್ದಿದ್ದೆ.

ಹೆಚ್ಚುವರಿ ಆಟದ 116ನೆಯ ನಿಮಿಷದಲ್ಲಿ ಇನಿಯೆಸ್ತಾ ಗೋಲು ಹೊಡೆದು ಸ್ಪೇನ್ ಮೊದಲ ಬಾರಿಗೆ ವಿಶ್ವಕಪ್ಪನ್ನು ಗೆದ್ದಿತು. ಬೆಳಗ್ಗೆ ಶಾಲೆಯಲ್ಲಿ ಹುಡುಗರೆಲ್ಲ ಇನಿಯೆಸ್ತಾನ ಹೆಸರನ್ನೇ ಹೇಳುತ್ತಿದ್ದರು. ಹತ್ತನೆಯ ತರಗತಿಯಲ್ಲಿ ನಾನು ಕರಿಹಲಗೆಯ ಮೇಲೆ ಒಂದು ಲೆಕ್ಕ ಬರೆದೆ. ಏಳು ಪಂದ್ಯಗಳಲ್ಲಿ ಸ್ಪೇನ್ ಹೊಡೆದ ಗೋಲು 8, ಬಿಟ್ಟುಕೊಟ್ಟದ್ದು 2. ಕೊನೆಯ ನಾಲ್ಕು ಪಂದ್ಯಗಳಲ್ಲಿ ಪೋರ್ಚುಗಲ್, ಪರಾಗ್ವೆ, ಜರ್ಮನಿ, ಹಾಲೆಂಡ್, ಎಲ್ಲರ ಎದುರೂ ಒಂದೊಂದೇ ಗೋಲು, ಬಿಟ್ಟುಕೊಟ್ಟದ್ದು ಸೊನ್ನೆ. “ಒಂದು ಗೋಲು ಹೊಡೆದು ವಿಶ್ವಕಪ್ಪು ಗೆಲ್ಲಬಹುದು; ಯಾವಾಗ? ಈ ಸೊನ್ನೆ ಇದ್ದಾಗ. ಈ ಸೊನ್ನೆಯನ್ನು ಮಾಡಿದವರು ಯಾರು?” ಎಂದು ಕೇಳಿದೆ. ಆಮೇಲೆ ಆ ಹುಡುಗನ ಕಡೆ ತಿರುಗಿ, ಕಳೆದ ವರ್ಷ ನಾನು ಆಡಿದ ಮಾತು ತಪ್ಪು, ಅದನ್ನು ಎಲ್ಲರ ಎದುರು ಆಡಿದ್ದರಿಂದ ಎಲ್ಲರ ಎದುರೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಹೇಳಿದೆ. ಅವನು ಎದ್ದು ನಿಂತ. “ಇರ್ಲಿ ಬುಡಿ ಸಾ” ಎಂದು ಕೂತ. ಸಂಜೆ ಬಯಲಿಗೆ ಬಂದಿದ್ದ.

ಪುಯೋಲನ ಬಾಳಿನಲ್ಲಿ ನನಗೆ ಗೋಲುಗಳಿಗಿಂತ ಹಿರಿದಾಗಿ ಕಾಣುವ ಘಟನೆ 2011ರದು. ಅವನ ಜೊತೆಗಾರ, ಫ್ರಾನ್ಸಿನ ಎರಿಕ್ ಅಬಿದಾಲ್ ಸಹ ಬ್ಯಾಕೇ. ಆ ವರ್ಷದ ಮಾರ್ಚಿನಲ್ಲಿ ಅಬಿದಾಲನಿಗೆ ಪಿತ್ತಜನಕಾಂಗದ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಯಿತು. ಮೇ 28ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಚಾಂಪಿಯನ್ಸ್ ಲೀಗಿನ ಫೈನಲ್. ಆ ದಿನ ಅಬಿದಾಲ್ ಪೂರ್ತಿ ಆಡಿದ. ಮಂಡಿನೋವಿನಿಂದ ಆಗತಾನೆ ಚೇತರಿಸಿಕೊಳ್ಳುತ್ತಿದ್ದ ನಾಯಕ ಪುಯೋಲ್ ಕೊನೆಯ ಕೆಲವು ನಿಮಿಷಗಳಿಗೆ ಮಾತ್ರ ಇಳಿದ. ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 3–1ರಿಂದ ಸೋಲಿಸಿದ ಮೇಲೆ ಕಪ್ಪನ್ನು ಮೊದಲು ಎತ್ತುವುದು ನಾಯಕನ ಹಕ್ಕು. ಪುಯೋಲ್ ತನ್ನ ತೋಳಿನ ಪಟ್ಟಿಯನ್ನು ಅಬಿದಾಲನ ತೋಳಿಗೆ ಕಟ್ಟಿ, ಕಪ್ಪನ್ನು ನೀನೇ ಎತ್ತೆಂದು ಮುಂದೆ ಕಳುಹಿಸಿ ತಾನು ಹಿಂದೆ ನಿಂತ. ಹಿಂದೆ ನಿಲ್ಲುವುದನ್ನು ಮೈದಾನದಲ್ಲಿ ಕಲಿತವನಿಗೆ ವೇದಿಕೆಯ ಮೇಲೂ ಅದು ಸಹಜವಾಗಿ ಬಂತು.

ಗೆದ್ದಾಗ ಎದುರಾಳಿಯ ಮರ್ಯಾದೆಯನ್ನು ಕಾಯುವುದೂ ಅವನ ಪಾಲಿಗೆ ಕಾವಲಿನ ಕೆಲಸವೇ ಆಗಿತ್ತು. 2012ರ ಏಪ್ರಿಲಿನಲ್ಲಿ ರಾಯೊ ವಯೆಕಾನೊ ಎಂಬ ಸಣ್ಣ ತಂಡವನ್ನು ಬಾರ್ಸಿಲೋನಾ ಏಳು ಗೋಲುಗಳಿಂದ ಸೋಲಿಸುತ್ತಿದ್ದಾಗ, ಗೋಲಿನ ಸಂತೋಷಕ್ಕೆ ಇಬ್ಬರು ಜೊತೆಗಾರರು ಕುಣಿಯತೊಡಗಿದರು. ಪುಯೋಲ್ ಓಡಿ ಬಂದು ಅವರ ಕುಣಿತವನ್ನು ನಿಲ್ಲಿಸಿ ತಮ್ಮ ತಮ್ಮ ಜಾಗಕ್ಕೆ ಕಳುಹಿಸಿದ. ಸೋಲುತ್ತಿರುವವರ ಎದುರು ಕುಣಿಯಬಾರದು.

ಎದೆಯೊಡ್ಡಿ ಆಡಿದ ಮೈ ಕಡೆಗೆ ಲೆಕ್ಕ ಕೇಳಿಯೇ ಕೇಳಿತು. ಮಂಡಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ. 2012ರಲ್ಲಿ ಲಿಸ್ಬನ್ನಿನ ಪಂದ್ಯದಲ್ಲಿ ಮೊಣಕೈಯ ಕೀಲು ತಪ್ಪಿತು. ಆ ವರ್ಷದ ಯುರೋಪ್ ಕಪ್ಪು ಅವನಿಗೆ ತಪ್ಪಿಹೋಯಿತು. 2013ರ ಫೆಬ್ರವರಿಯಲ್ಲಿ ದೇಶಕ್ಕಾಗಿ ನೂರನೆಯ ಪಂದ್ಯವನ್ನು ಆಡಿದ, ಅದೇ ಕೊನೆಯದು. 2014ರ ಮಾರ್ಚಿನಲ್ಲಿ, ಸಂಘದೊಡನೆ ಇನ್ನೂ ಎರಡು ವರ್ಷದ ಕರಾರು ಉಳಿದಿರುವಾಗಲೇ, ಋತುವಿನ ಕೊನೆಗೆ ತಾನು ಬಿಡುವೆನೆಂದು ತಿಳಿಸಿದ. ಸಂಬಳಕ್ಕಾಗಿ ಹೆಸರಿಗೆ ಮಾತ್ರ ಉಳಿಯಲು ಅವನ ಮನಸ್ಸು ಒಪ್ಪಲಿಲ್ಲ. ಕಾಯಲಾರದ ದಿನ ಅಟ್ಟಣೆಯಿಂದ ಇಳಿಯುವುದೂ ಕಾವಲುಗಾರನ ಪ್ರಾಮಾಣಿಕತೆ.

ಇದೆಲ್ಲ ದೂರದ ನಾಡಿನ ಕಥೆಯೆಂದು ನೀವು ತಳ್ಳಿಹಾಕಬೇಡಿ. ನಮ್ಮ ನಾಡಿಗೂ ಇಂಥವರ ಪರಂಪರೆಯಿದೆ. ಬೆಂಗಳೂರಿನ ಇಲ್ಯಾಸ್ ಪಾಷಾ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ 1990ರ ದಶಕದಲ್ಲಿ ಬಲಗಡೆಯ ಬ್ಯಾಕಾಗಿ ಹೆಸರು ಮಾಡಿ ಭಾರತಕ್ಕೂ ಆಡಿದವರು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತಂಡಕ್ಕೆ 2016ರಲ್ಲಿ ಸ್ಪೇನಿನಿಂದಲೇ ಹುವಾನಾನ್ ಎಂಬ ನಡುಬ್ಯಾಕು ಬಂದು, ಕಂಠೀರವ ಕ್ರೀಡಾಂಗಣದ ಪ್ರೇಕ್ಷಕರ ಪ್ರೀತಿಯನ್ನು ಗಳಿಸಿದ. ಆ ತಂಡ ಇಂಡಿಯನ್ ಸೂಪರ್ ಲೀಗನ್ನು ಮೊದಲ ಬಾರಿಗೆ ಗೆದ್ದದ್ದು 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ, ಗೋವೆಯ ಎದುರು. ಹೆಚ್ಚುವರಿ ಆಟದ 117ನೆಯ ನಿಮಿಷದಲ್ಲಿ ಬಂದ ಆ ಒಂದೇ ಗೋಲನ್ನು ಕಾರ್ನರ್ ಕಿಕ್ಕಿಗೆ ತಲೆ ಕೊಟ್ಟು ಹೊಡೆದವನು ರಾಹುಲ್ ಭೇಕೆ. ಅವನೂ ಬ್ಯಾಕೇ. ಆ ಗೋಲನ್ನು ಕಂಡಾಗ ನನಗೆ ಒಂಬತ್ತು ವರ್ಷದ ಹಿಂದಿನ ಚಾಪೆಯೂ ಬಾಗಿಲ ಬಳಿಯ ದನಿಯೂ ನೆನಪಾದವು.

ಆ ಹುಡುಗ ಈಗ ಅರಣ್ಯ ಇಲಾಖೆಯಲ್ಲಿ ಕಾವಲಿನ ಕೆಲಸದಲ್ಲಿದ್ದಾನೆ. ರಜೆ ಸಿಕ್ಕಿದ ಭಾನುವಾರ ಹಾಡಿಯ ಮಕ್ಕಳನ್ನು ಸೇರಿಸಿ ಚೆಂಡಾಡಿಸುತ್ತಾನೆ. ಮೊನ್ನೆ ಅಲ್ಲಿಗೆ ಹೋಗಿದ್ದೆ. ಕಬಿನಿಯ ಹಿನ್ನೀರು ಇಳಿದು ಹುಲ್ಲುಬಯಲು ಎದ್ದಿತ್ತು. ಎರಡು ಕಲ್ಲಿಟ್ಟು ಗೋಲು ಮಾಡಿದ್ದರು. ಪುಟ್ಟ ಹುಡುಗನೊಬ್ಬ ಹಿಂದೆ ನಿಲ್ಲಲಾರೆನೆಂದು ಅಳುತ್ತಿದ್ದ. ನನ್ನ ಶಿಷ್ಯ ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹೇಳುತ್ತಿದ್ದ: “ನೀನು ಇಲ್ಲಿ ನಿಂತ್ಕೊ ಕಣ್ಲಾ ಮಗ. ಹೋದ್ರೆ ಹೋಗ್ಲಿ, ಹಿಂದೆ ನಾನಿರ್ತೀನಿ.” ಹುಡುಗ ಮೂಗೊರೆಸಿಕೊಂಡು ನಿಂತ.

ಇನ್ನು ಮುಂದೆ ನೀವು ಎಲ್ಲಿಯಾದರೂ ಮಕ್ಕಳ ಆಟವನ್ನು ನೋಡಲು ನಿಂತರೆ, ಗೋಲು ಹೊಡೆದವನ ಬೆನ್ನು ತಟ್ಟಿದ ಮೇಲೆ ಮೈದಾನದ ಇನ್ನೊಂದು ತುದಿಯವರೆಗೂ ದಯವಿಟ್ಟು ನಡೆದು ಹೋಗಿ. ಅಲ್ಲಿ ಒಬ್ಬನು ನಿಂತಿರುತ್ತಾನೆ. ಅವನ ಹೆಸರೇನೆಂದು ಕೇಳಿ.